ತವರಿಗೆ ಹೋದವರ ಲೆಕ್ಕ

ಸವದತ್ತಿ ತಾಲೂಕಿನ ಸಿರಸಂಗಿಗೆ ಹೋಗಿ ಬಂದವರನ್ನು ಅಲ್ಲಿ ಏನು ನೋಡಿದಿರೆಂದು ಕೇಳಿದರೆ ಸಾಮಾನ್ಯವಾಗಿ ಎರಡು ಹೆಸರುಗಳನ್ನು ಹೇಳುತ್ತಾರೆ: ಒಂದು ಕಾಳಿಕಾದೇವಿಯ ಗುಡಿ, ಇನ್ನೊಂದು ದೇಸಾಯರ ವಾಡೆ. ಗುಡಿಗೆ ಯುಗಾದಿಯ ಜಾತ್ರೆಯಲ್ಲಿ ದೂರದೂರದಿಂದ ಜನ ಕೂಡುತ್ತಾರೆ. ವಾಡೆಯ ಕಡೆಗೆ ಕಾಲಿಡುವವರು ಅಷ್ಟಿಲ್ಲ. ಆದರೂ ಉತ್ತರ ಕರ್ನಾಟಕದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಎಷ್ಟೋ ಮನೆತನಗಳ ಕಥೆ ಈ ಕಪ್ಪು ಎರೆಭೂಮಿಯ ನಡುವಿನ ವಾಡೆಯಿಂದಲೇ ಪ್ರಾರಂಭವಾಗುತ್ತದೆಯೆಂದರೆ ಅತಿಶಯೋಕ್ತಿಯಾಗಲಾರದು. 1861ರಲ್ಲಿ ಹುಟ್ಟಿ, ದತ್ತುಮಗನಾಗಿ ಸಿರಸಂಗಿಯ ದೇಸಗತಿಗೆ ಬಂದ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ತೆರೆದ ತನ್ನ ಕಾಲೇಜಿಗೆ ಅವರ ಹೆಸರನ್ನೇ ಇಟ್ಟಿತು. ಅದೇ ಸಂಸ್ಥೆ 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜನ್ನೂ ಸ್ಥಾಪಿಸಿತು.

ಲಿಂಗರಾಜರ ಗುಣಗಾನ ಮಾಡುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ಬಲ್ಲವರು ಮಾಡಿದ್ದಾರೆ. ಅವರ ಮೃತ್ಯುಪತ್ರದಿಂದ ಹುಟ್ಟುವ ಒಂದು ಪ್ರಶ್ನೆ ಮಾತ್ರ ನನ್ನನ್ನು ಬಹುದಿನಗಳಿಂದ ಕಾಡುತ್ತಿದೆ. ಹೊಲದ ಹುಟ್ಟುವಳಿಯಿಂದ ಓದಿ ದೊಡ್ಡವನಾದವನು ತಿರುಗಿ ಆ ಹೊಲದ ಕಡೆಗೆ ನೋಡುವಾಗ ಅವನ ಕಣ್ಣಿಗೆ ಏನು ಕಾಣಬೇಕು? ವಕೀಲನಾದರೆ ಒಂದು ಬಗೆ, ಅಧ್ಯಾಪಕನಾದರೆ ಇನ್ನೊಂದು ಬಗೆ. ಜನರ ಆರೋಗ್ಯವನ್ನು ಅಭ್ಯಸಿಸುವ ಸಂಶೋಧಕನಾದರೆ? ಒಂದೇ ಊರಿನಲ್ಲಿ ಒಂದು ಓಣಿಯ ಕೂಸು ಬದುಕಿ ಇನ್ನೊಂದು ಓಣಿಯ ಕೂಸು ಸಾಯುವುದೇಕೆ, ಒಬ್ಬ ಬಾಣಂತಿ ಮಗುವಿನೊಡನೆ ಮನೆಗೆ ಬಂದರೆ ಇನ್ನೊಬ್ಬಳು ಬರದಿರುವುದೇಕೆ ಎಂಬುದನ್ನು ಕಂಡುಹಿಡಿಯಬೇಕಾದವನನ್ನು ಯಾವ ಶಾಲೆಯಲ್ಲಿ, ಯಾರ ಕೈಯಲ್ಲಿ ತಯಾರು ಮಾಡಬೇಕು?

ಈ ಪ್ರಶ್ನೆಗೆ ನನ್ನ ಮಟ್ಟಿಗೆ ಒಂದು ಮನೆಯ ಕಾರಣವೂ ಉಂಟು. ನನ್ನ ತಂದೆಯ ಕಿರಿಯ ತಂಗಿ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ನಾನಾಗ ಎಂಟು ವರ್ಷದ ಹುಡುಗ. ಹೆರಿಗೆ ಸುಸೂತ್ರವಾಗಿ ಆಯಿತೆಂದು ಮನೆಯಲ್ಲಿ ಬೆಲ್ಲ ಹಂಚಿದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಹೊರಬಂದ ಸೂಲಗಿತ್ತಿ, “ಇಷ್ಟ ಹೋಗೋದು ಸಹಜನ ಐತಿ, ನಿಲ್ತೈತಿ” ಎಂದು ನಮ್ಮ ಅಜ್ಜಿಗೆ ಹೇಳಿದ್ದು ನನಗಿನ್ನೂ ಕೇಳಿಸುತ್ತಿದೆ. ಸಂಜೆಯೊಳಗೆ ಅತ್ತೆ ತೀರಿಹೋದಳು. ಸೂಲಗಿತ್ತಿ ಕೆಟ್ಟವಳಲ್ಲ, ಆ ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲಿ ಹುಟ್ಟಿದವರೇ. ಅವಳು ಕಣ್ಣಿಗೆ ಕಂಡದ್ದನ್ನು ಹೇಳಿದಳು. ಆದರೆ ಕಣ್ಣಿಗೆ ಕಂಡದ್ದು ಕಡಿಮೆಯಾಗಿತ್ತು.

ಈ ಕಣ್ಣಿನ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಏಕೆಂದರೆ ನಮ್ಮ ಜಿಲ್ಲೆಯಿಂದ ಜಗತ್ತಿಗೆ ಹೋದ ಒಂದು ಸಂಶೋಧನೆ ಇಲ್ಲಿಂದಲೇ ಹುಟ್ಟಿತು. ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತೆಂಬುದನ್ನು ಸೂಲಗಿತ್ತಿಯಷ್ಟೇ ಅಲ್ಲ, ಕಲಿತ ವೈದ್ಯರೂ ಬಹುಕಾಲ ಕಣ್ಣಂದಾಜಿನಿಂದಲೇ ಹೇಳುತ್ತಿದ್ದರು. ಬೆಳಗಾವಿಯ ವೈದ್ಯರಾದ ಭಾಲಚಂದ್ರ ಕೊಡಕಣಿ, ಶಿವಪ್ರಸಾದ ಗೌಡರ ಮೊದಲಾದವರೂ ಅಮೇರಿಕೆಯ ರಿಚರ್ಡ್ ಡರ್ಮನ್ ಮೊದಲಾದವರೂ ಕೂಡಿ ಇದಕ್ಕೊಂದು ಸರಳ ಸಾಧನವನ್ನು ರೂಪಿಸಿದರು. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ; ಅದರ ತುದಿಗೆ ಆಲಿಕೆಯಂತೆ ಇಳಿಬಿದ್ದ ಚೀಲ; ಚೀಲದ ಮೈಮೇಲೆ ಅಳತೆಯ ಗೆರೆಗಳು. ಹಾಲು ಅಳೆಯುವ ಪಾತ್ರೆಗಿಂತ ಹೆಚ್ಚಿನ ಜಾಣ್ಮೆ ಇದರಲ್ಲಿಲ್ಲವೆಂದು ಯಾರಾದರೂ ಹೇಳಬಹುದು. ಅದು ನಿಜವೂ ಹೌದು. ಆದರೆ ಬೆಳಗಾವಿಯಲ್ಲಿ 123 ಬಾಣಂತಿಯರಲ್ಲಿ ಕಣ್ಣಂದಾಜನ್ನೂ ಚೀಲದ ಅಳತೆಯನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ಅಳತೆಗಿಂತ 33 ಪ್ರತಿಶತ ಕಡಿಮೆಯಿತ್ತೆಂದು ತಿಳಿದುಬಂತು. ಆಸ್ಪತ್ರೆಯ ಬೆಳಕಿನಲ್ಲಿ, ತರಬೇತಿ ಪಡೆದವರ ಕಣ್ಣಿಗೇ ಮೂರರಲ್ಲಿ ಒಂದು ಪಾಲು ಕಾಣಲಿಲ್ಲವೆಂದ ಮೇಲೆ, ಕತ್ತಲೆಕೋಣೆಯಲ್ಲಿ, ಹಳೆಯ ಸೀರೆಯ ಮೇಲೆ, ಸಗಣಿ ಸಾರಿಸಿದ ನೆಲ ಅರ್ಧ ರಕ್ತವನ್ನು ಹೀರಿಕೊಂಡ ಮೇಲೆ ನಮ್ಮ ಸೂಲಗಿತ್ತಿಗೆ ಎಷ್ಟು ಕಂಡೀತು?

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅರ್ಧ ಲೀಟರು ರಕ್ತ ಎಲ್ಲ ಹೆಂಗಸರಿಗೂ ಅರ್ಧ ಲೀಟರೇ. ಆದರೆ ಅದರ ಬೆಲೆ ಒಂದೇ ಅಲ್ಲ. ಮೈಯಲ್ಲಿ ರಕ್ತ ತುಂಬಿದವಳು ಅದನ್ನು ಕಳೆದುಕೊಂಡು ನಾಲ್ಕು ದಿನದಲ್ಲಿ ಎದ್ದು ಕೂತಾಳು. ರಕ್ತಹೀನತೆಯಿಂದ ಬಿಳಿಚಿಕೊಂಡವಳಿಗೆ ಅದೇ ಪ್ರಾಣದ ಬೆಲೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ರಕ್ತಹೀನರು. ಆರೋಗ್ಯದ ತಾರತಮ್ಯವೆಂದರೆ ಏನೆಂದು ವಿದ್ಯಾರ್ಥಿಗೆ ವಿವರಿಸಲು ದೊಡ್ಡ ವ್ಯಾಖ್ಯೆಗಳ ಅವಶ್ಯಕತೆಯಿಲ್ಲವೆಂದು ನನಗೆ ತೋರುತ್ತದೆ. ಯಾರಿಗೆ ಕಳೆದುಕೊಳ್ಳುವ ಶಕ್ತಿ ಕಡಿಮೆಯೋ ಅವರ ನಷ್ಟವೇ ಎಲ್ಲರಿಗಿಂತ ಕಡಿಮೆ ಅಳತೆಗೆ ಸಿಕ್ಕುತ್ತದೆ. ಅದನ್ನು ಅಳೆಯಬಹುದಿತ್ತು, ತಡೆಯಬಹುದಿತ್ತು, ತಡೆಯಲಿಲ್ಲ.

ಅಳತೆಯ ಸಾಧನ ಕೈಗೆ ಬಂದಮೇಲೆ ಮದ್ದಿನ ಪರೀಕ್ಷೆ ನಡೆಯಿತು. ರಕ್ತಸ್ರಾವವನ್ನು ತಡೆಯಲು ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಚುಚ್ಚಬಲ್ಲ ಕೈ ಬೇಕು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಇವೆರಡೂ ಬೇಡ. ಅದನ್ನು ಹಳ್ಳಿಯಲ್ಲಿ ಬಳಸಬಹುದೇ ಎಂಬುದನ್ನು ಅರಿಯಲು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರು ಭಾಗವಹಿಸಿದ ಪರೀಕ್ಷೆ ನಡೆಯಿತು. 812 ಮಂದಿಗೆ ಗುಳಿಗೆ, 808 ಮಂದಿಗೆ ಅದರಂತೆಯೇ ಕಾಣುವ, ಮದ್ದಿಲ್ಲದ ಹುಸಿಗುಳಿಗೆ. ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಹೋದವರು ಹುಸಿಗುಳಿಗೆಯವರಲ್ಲಿ 12 ಪ್ರತಿಶತವಿದ್ದರೆ, ಮದ್ದು ಪಡೆದವರಲ್ಲಿ 6.4. ಒಂದು ಲೀಟರು ಮೀರಿದ ತೀವ್ರ ಸ್ರಾವ 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಗುಳಿಗೆಯನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಅಳತೆಯ ಚೀಲವೂ ದೇಶಾಂತರ ಹೋಯಿತು. 2023ರಲ್ಲಿ ಫಲಿತಾಂಶ ಪ್ರಕಟವಾದ, ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದ ದೊಡ್ಡದೊಂದು ಪರೀಕ್ಷೆಯಲ್ಲಿ ಇಂಥ ಗೆರೆಯ ಚೀಲದಿಂದ ಅಳೆದು, ಕೂಡಲೇ ಚಿಕಿತ್ಸೆಗಳನ್ನು ಒಟ್ಟಿಗೆ ಕೊಟ್ಟಾಗ ತೀವ್ರ ಸ್ರಾವ, ಸಾವು ಮೊದಲಾದ ಅನಾಹುತಗಳು 60 ಪ್ರತಿಶತ ತಗ್ಗಿದವು.

ಕೀರ್ತಿಯ ಮಾತು ಅಲ್ಲಿಗೆ ಸಾಕು. ಬೆಳಗಾವಿಯ ಆ ಪರೀಕ್ಷೆಯಲ್ಲಿ ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ಚೀಲದ ಗೆರೆ ನೋಡಿ ಬರೆದವರು ಯಾರೆಂದು ಕೇಳಿದರೆ, 25 ಮಂದಿ ಕಿರಿಯ ಆರೋಗ್ಯ ಸಹಾಯಕಿಯರು. ನಮ್ಮ ಕಡೆಯವರು ‘ನರ್ಸಬಾಯಿ’ ಎನ್ನುವವರು. ರಾತ್ರಿ ಲಾಟೀನು ಹಿಡಿದು ಕರೆಯಲು ಬಂದ ಮನೆಗೆ ಹೋಗತಕ್ಕವರು, ಅತ್ತೆಯ ಮುನಿಸನ್ನೂ ಮಾವನ ಅನುಮಾನವನ್ನೂ ಸಮಾಧಾನಪಡಿಸತಕ್ಕವರು ಅವರೇ. ಅವರು ಗೆರೆಯನ್ನು ತಪ್ಪಾಗಿ ಓದಿದ್ದರೆ ಲಂಡನ್ನಿನ ಪತ್ರಿಕೆಯ ಅಂಕಿ ತಪ್ಪುತ್ತಿತ್ತು. ಸಂಶೋಧಕರ ತರಬೇತಿಯೆಂದ ಕೂಡಲೆ ನಾವು ವಿಶ್ವವಿದ್ಯಾಲಯದ ಪದವಿಯನ್ನೇ ಕಣ್ಣಮುಂದೆ ತಂದುಕೊಳ್ಳುತ್ತೇವೆ. ಈ 25 ಮಂದಿಗೆ ಕೊಟ್ಟದ್ದೂ ಸಂಶೋಧನೆಯ ತರಬೇತಿಯೇ ಅಲ್ಲವೆ? ಅಷ್ಟೇ ಅಲ್ಲ, ಬೆಳಗಾವಿಗೆ ಬಂದ ಪರದೇಶದ ಪಂಡಿತರು ಅವರಿಂದ ಕಲಿತದ್ದೂ ಕಡಿಮೆಯಿರಲಾರದು.

ಆದರೆ ಈ ಕಥೆಯಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಮುಳ್ಳೊಂದುಂಟು. ಅದನ್ನು ಹೇಳದೆ ಮುಂದೆ ಹೋದರೆ ವಿದ್ಯಾರ್ಥಿಗಳಿಗೆ ಮೋಸ ಮಾಡಿದಂತೆ. 808 ಹೆಂಗಸರಿಗೆ ಮದ್ದಿಲ್ಲದ ಗುಳಿಗೆ ಕೊಟ್ಟದ್ದು ನ್ಯಾಯವೇ? ಆ ಹಳ್ಳಿಗಳಲ್ಲಿ ಆಗ ಹೆರಿಗೆಯ ಮೇಲೆ ಯಾವ ಮದ್ದನ್ನೂ ಕೊಡುವ ರೂಢಿಯಿರಲಿಲ್ಲ, ನರ್ಸಬಾಯಿಯ ಕೈಯಲ್ಲಿ ಚುಚ್ಚುಮದ್ದು ಇರಲಿಲ್ಲ. ಇದ್ದ ರೂಢಿಯೊಡನೆ ಹೋಲಿಸಿದರೆ ಮಾತ್ರ ಹಳ್ಳಿಗೆ ಉಪಯುಕ್ತವಾದ ಉತ್ತರ ಸಿಕ್ಕುತ್ತದೆ ಎಂಬುದು ಒಂದು ವಾದ. ಪೇಟೆಯ ಆಸ್ಪತ್ರೆಯಲ್ಲಿ ಗುಣ ಕಂಡ ಮದ್ದು ಇರುವಾಗ ಹಳ್ಳಿಯವಳಿಗೆ ಬರಿದು ಗುಳಿಗೆ ಏಕೆ ಎಂಬುದು ಇನ್ನೊಂದು. ಎರಡೂ ತಳ್ಳಿಹಾಕತಕ್ಕ ವಾದಗಳಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪರೀಕ್ಷೆ ನಡೆದದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಹಾಗೆನ್ನುವಾಗ ಮನಸ್ಸು ನಿರಾಳವಾಗಿಲ್ಲವೆಂಬುದನ್ನೂ ಒಪ್ಪುತ್ತೇನೆ. ಹಳ್ಳಿಗೂ ಪೇಟೆಗೂ ಅಂಥ ಅಂತರವಿಲ್ಲದಿದ್ದರೆ ಆ ಪರೀಕ್ಷೆ ಸಾಧ್ಯವೇ ಆಗುತ್ತಿರಲಿಲ್ಲ. ಯಾವ ತಾರತಮ್ಯವನ್ನು ತೊಡೆಯಬೇಕೆಂದು ಸಂಶೋಧಕ ಹೊರಟಿರುವನೋ ಅದರ ಮೇಲೆಯೇ ಕಾಲೂರಿ ನಿಂತು ಅವನು ಕೆಲಸ ಮಾಡುತ್ತಾನೆ. ಎಳೆಯ ಸಂಶೋಧಕನಿಗೆ ಅಂಕಿಶಾಸ್ತ್ರದ ಸೂತ್ರಗಳಿಗಿಂತ ಮೊದಲು ಈ ಇಕ್ಕಟ್ಟನ್ನು ತೋರಿಸಬೇಕು. ಸಹಿ ಹಾಕುವ, ಇಲ್ಲವೆ ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ತಾನು ಏನನ್ನು ಒಪ್ಪುತ್ತಿದ್ದೇನೆಂಬುದು ಅವಳ ಮಾತಿನಲ್ಲೇ ತಿಳಿಯುವಂತೆ ಹೇಳಲು ಬಾರದವನು ಆ ಮನೆಯ ಹೊಸ್ತಿಲು ದಾಟಬಾರದು.

ಇನ್ನು ಎಣಿಕೆಯ ವಿಷಯ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಅದೇ ವರ್ಷಗಳಲ್ಲಿ ನೆರೆಯ ಕೇರಳದ್ದು 19. 1998-99ರಲ್ಲಿ ನೂರಕ್ಕೆ 51 ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದುದು 2019-21ರ ಹೊತ್ತಿಗೆ 97ಕ್ಕೆ ಏರಿತು. ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಉಳಿದ ಮೂವರು ಯಾರು? ಸರಾಸರಿಯ ನೆರಳಿನಲ್ಲಿ ಕುಳಿತವರನ್ನು ಹುಡುಕುವುದೇ ಈ ವಿದ್ಯೆಯ ಕಷ್ಟದ ಭಾಗ. ಕಬ್ಬು ಕಡಿಯುವ ಹಂಗಾಮಿನಲ್ಲಿ ಕಾರಖಾನೆಗಳ ಸುತ್ತಲಿನ ಹೊಲಗಳಲ್ಲಿ ಗುಡಿಸಲು ಹಾಕುವ ಕುಟುಂಬಗಳನ್ನು ನೋಡಿರಿ. ತಮ್ಮ ಊರಿನ ಪುಸ್ತಕದಲ್ಲಿ ಅವರು ‘ಊರಿನಲ್ಲಿಲ್ಲ’. ಬಂದ ಊರಿನ ಪುಸ್ತಕದಲ್ಲಿ ‘ನಮ್ಮವರಲ್ಲ’. ಸವದತ್ತಿಯ ಎಲ್ಲಮ್ಮನ ಗುಡ್ಡದ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. ಆ ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ಶಾಸನಸಭೆ 1982ರಲ್ಲೇ ಮಾಡಿತು. ಆದರೆ ಮಗುವಿನ ತಂದೆಯ ಹೆಸರು ಕೇಳುವ ಅರ್ಜಿಯ ಮುಂದೆ ಅಂಥ ತಾಯಿ ಬಹುಕಾಲ ತಲೆತಗ್ಗಿಸಿ ನಿಲ್ಲಬೇಕಾಯಿತು. ತಲೆತಗ್ಗಿಸುವುದು ಬೇಡವಾದವಳು ದವಾಖಾನೆಗೇ ಹೋಗಲಿಲ್ಲ.

ಕೇಳುವ ಬಗೆಯಲ್ಲಿಯೂ ಒಂದು ವಿದ್ಯೆಯುಂಟು. ಮುಖ ನೋಡಿ ಕೇಳಿದರೆ ನಾಚಿಕೆಯ ವಿಷಯಕ್ಕೆ ಯಾರೂ ನಿಜ ಹೇಳರು. ಏಡ್ಸ್ ರೋಗದ ಅಭ್ಯಾಸ ನಡೆಸಿದವರು ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಇದಕ್ಕೆ ಮತಗಟ್ಟೆಯ ಉಪಾಯವನ್ನು ಹೂಡಿದರು. ಪ್ರಶ್ನೆಯನ್ನು ಗುಂಪಿಗೆ ಗಟ್ಟಿಯಾಗಿ ಓದುವುದು. ಪ್ರತಿಯೊಬ್ಬರೂ ಮರೆಯಲ್ಲಿ ಕುಳಿತು ಹೌದೋ ಅಲ್ಲವೋ ಎಂಬ ಡಬ್ಬಿಗೆ ಚೀಟಿ ಹಾಕುವುದು. ಹೆಸರಿಲ್ಲ, ಗುರುತಿಲ್ಲ. ಎದುರಾಎದುರು ಕೇಳಿದಾಗ ಹೊರಬೀಳದಿದ್ದ ಎಷ್ಟೋ ಸಂಗತಿಗಳು ಹೀಗೆ ಹೊರಬಿದ್ದವು. ಓಟು ಹಾಕಬಲ್ಲ ಜನಕ್ಕೆ ಇದನ್ನು ಕಲಿಸಬೇಕಾದ ಅವಶ್ಯಕತೆಯೇ ಬೀಳಲಿಲ್ಲ.

ದೂರದ ಒಂದು ಉದಾಹರಣೆಯೂ ಇಲ್ಲಿ ನೆನಪಿಗೆ ಬರುತ್ತದೆ. ವೇಲ್ಸ್ ನಾಡಿನ ಗ್ಲಿನ್‌ಕೊರುಗ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು ಹಲವು ದಶಕ ನೆಲೆಸಿದ್ದರು. ಒಳ್ಳೆಯ ವೈದ್ಯಕೀಯ ನೆರವು ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಕ್ಕುತ್ತದೆಂಬ ಅವರ 1971ರ ‘ವಿಲೋಮ ಆರೈಕೆಯ ನಿಯಮ’ ಪ್ರಸಿದ್ಧವಾಗಿದೆ. ನನಗೆ ಆ ನಿಯಮಕ್ಕಿಂತ ಅವರು ಮಾಡಿದ ಕೆಲಸವೇ ಹೆಚ್ಚು ಹಿಡಿಸುತ್ತದೆ. ತಮ್ಮ ಹಳ್ಳಿಯ ವಯಸ್ಕರೆಲ್ಲರ ರಕ್ತದೊತ್ತಡವನ್ನು ನೋಡಲೇಬೇಕೆಂದು ಅವರು ಪಟ್ಟುಹಿಡಿದರು. ತಾವಾಗಿ ಬಂದವರನ್ನು ನೋಡುವುದು ಸುಲಭ. ಬಾರದೆ ತಪ್ಪಿಸಿಕೊಳ್ಳುವ ಕೊನೆಯ ಕೆಲವರನ್ನು ಹಿಡಿಯುವುದರಲ್ಲಿಯೇ ವರ್ಷಗಳು ಕಳೆಯುತ್ತವೆ, ಮತ್ತು ಬೇನೆ ಅವಿತಿರುವುದು ಬಹುಮಟ್ಟಿಗೆ ಅಂಥವರಲ್ಲಿಯೇ. ಸಂಶೋಧನೆ ಮಾಡಲು ಊರು ಬಿಟ್ಟು ಹೋಗಬೇಕಾಗಿಲ್ಲ, ಊರಿನಲ್ಲಿ ನಿಲ್ಲಬೇಕು ಎಂಬುದನ್ನು ಹಾರ್ಟರು ಮಾಡಿ ತೋರಿಸಿದರು.

ಬೆಳಗಾವಿಯಲ್ಲಿಯೂ ಅಂಥ ನಿಲುಗಡೆಯ ಒಂದು ಕೆಲಸ ನಡೆದಿದೆ. ಮಹಿಳೆಯರ ಮತ್ತು ಮಕ್ಕಳ ಆರೋಗ್ಯವನ್ನು ಅಭ್ಯಸಿಸುವ ಹಲವು ದೇಶಗಳ ಕೂಟವೊಂದು 2008ರಲ್ಲಿ ತಾಯಿ-ಶಿಶುಗಳ ನೋಂದಣಿಯನ್ನು ಆರಂಭಿಸಿತು. ಬೆಳಗಾವಿ ಅದರ ಒಂದು ಕೇಂದ್ರ. ಗೊತ್ತುಪಡಿಸಿದ ಪ್ರದೇಶದ ಪ್ರತಿಯೊಬ್ಬ ಬಸುರಿಯನ್ನೂ ಬರೆದುಕೊಂಡು, ಹೆರಿಗೆಯಾಗಿ 42 ದಿನಗಳವರೆಗೆ ಅವಳ ಮತ್ತು ಕೂಸಿನ ಗತಿಯನ್ನು ತಿಳಿಯುವುದು ಇದರ ಕ್ರಮ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸುವ ಪುಸ್ತಕಕ್ಕೂ ಇದಕ್ಕೂ ಭೂಮ್ಯಾಕಾಶದ ಅಂತರವಿದೆ. ಆಸ್ಪತ್ರೆಯ ಪುಸ್ತಕದಲ್ಲಿ, ಬಾರದವಳು ಹುಟ್ಟಿಯೇ ಇಲ್ಲ.

ತರಬೇತಿ ಯಾರಿಗೆ ಎಂಬ ಮಾತೊಂದು ಉಳಿಯಿತು. ಲಿಂಗರಾಜರು ತಮ್ಮ ಕಾಲಕ್ಕೆ ತಕ್ಕಂತೆ ತಮ್ಮ ಸಮಾಜದ ಮಕ್ಕಳನ್ನು ನೆನೆದರು. ನೂರು ವರ್ಷಗಳ ಹಿಂದಿನ ಆ ಔದಾರ್ಯವನ್ನು ಇಂದಿನ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಇಂದು ಅಂಥ ಮೃತ್ಯುಪತ್ರ ಬರೆಯುವವರಿದ್ದರೆ ಕಬ್ಬು ಕಡಿಯುವವರ ಮಗಳನ್ನೂ, ಗುಡ್ಡದ ಕೆಳಗಿನ ತಾಯಿಯ ಮಗನನ್ನೂ, ಹತ್ತು ವರ್ಷ ಓಣಿ ಸುತ್ತಿದ ಆಶಾ ಕಾರ್ಯಕರ್ತೆಯನ್ನೂ ನೆನೆಯಲಿ. ಇಂಗ್ಲಿಷು ಬಲ್ಲ ಪಟ್ಟಣದ ತರುಣನಿಗೆ ಹಳ್ಳಿಯನ್ನು ಕಲಿಸುವುದಕ್ಕಿಂತ ಹಳ್ಳಿ ಬಲ್ಲ ತರುಣಿಗೆ ಅಂಕಿಶಾಸ್ತ್ರ ಕಲಿಸುವುದು ಸುಲಭವೆಂದು ನನ್ನ ನಂಬಿಕೆ. ಈ ಮಾತಿಗೆ ನನ್ನ ಪ್ರಾಧ್ಯಾಪಕ ಮಿತ್ರರು ನಗುತ್ತಾರೆ. ನಗಲಿ.

ಕಳೆದ ವರ್ಷ ನಮ್ಮ ಕಡೆಯ ಒಂದು ಊರಿನ ಉಪಕೇಂದ್ರದ ಜಗಲಿಯ ಮೇಲೆ, ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಒಳಗೆ ಸಾರ್ವಜನಿಕ ಆರೋಗ್ಯ ಓದುತ್ತಿರುವ ಹುಡುಗಿಯೊಬ್ಬಳು ನರ್ಸಬಾಯಿಯ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಳ್ಳುತ್ತಿದ್ದಳು. ಒಂದು ಸಾಲಿನಲ್ಲಿ ಅವಳ ಬೆರಳು ನಿಂತಿತು.

“ಅಕ್ಕಾರ, ಈ ಹೆಸರಿನ ಮುಂದ ಏನೂ ಬರದಿಲ್ಲಲ್ರೀ?”

“ಆಕಿ ತವರಿಗೆ ಹೋಗ್ಯಾಳವಾ. ರಾಮದುರ್ಗದ ಕಡೆ.”

“ಹಂಗಾದ್ರ ಅಲ್ಲೆ ಬರಕೊಂಡಿರತಾರಲ್ರೀ?”

ನರ್ಸಬಾಯಿ ನಕ್ಕಳು. “ನಾವು ಬರಕೊಂಡೀವಿ ಅಂತ ಅವರು ತಿಳಕೊಂಡಿರತಾರ. ಅವರು ಬರಕೊಂಡಾರ ಅಂತ ನಾವು.”

ನನಗೆ ನಮ್ಮ ಅತ್ತೆಯ ನೆನಪಾಯಿತು. ಮುಂದೆ ದೊಡ್ಡವನಾದ ಮೇಲೆ ಒಮ್ಮೆ ಅವಳ ಸಾವಿನ ದಾಖಲೆಯನ್ನು ಹುಡುಕಿದ್ದೆ. ತವರಿನಲ್ಲಿ ಸತ್ತಳೆಂದು ಗಂಡನ ಊರಿನವರು ಬರೆಸಿರಲಿಲ್ಲ. ಕೊಟ್ಟ ಮನೆಯ ಹೆಣ್ಣೆಂದು ನಮ್ಮವರೂ ಬರೆಸಿರಲಿಲ್ಲ. ಎರಡು ಊರುಗಳ ಪುಸ್ತಕಗಳಲ್ಲಿಯೂ ಅವಳು ಸತ್ತಿಲ್ಲ.

ಹುಡುಗಿ ಪುಸ್ತಕ ಮುಚ್ಚಿ ಚೀಲಕ್ಕೆ ಕೈಹಾಕಿದಳು. ಹೊರಡುತ್ತಾಳೆಂದುಕೊಂಡೆ. ಆಕೆ ಫೋನು ತೆಗೆದು, “ಅವರ ಮನಿಯವರ ನಂಬರ ಐತೇನ್ರೀ ಅಕ್ಕಾರ?” ಎಂದಳು. ನರ್ಸಬಾಯಿ ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದ ಅಂಕಿಗಳನ್ನು ಒಂದೊಂದಾಗಿ ಓದತೊಡಗಿದಳು. ಅಷ್ಟರಲ್ಲಿ ನನ್ನ ಬಸ್ಸು ಬಂತು.